ಮೀನಖಂಡದ ನೋವು

ಮೊಣಕಾಲಿನ ಹಿಂಬದಿಯಿಂದ ಹಿಮ್ಮಡಿಯ ಮೇಲಿನವರೆಗೆ ಕಣಕಾಲಿನ ಹಿಂಭಾಗದಲ್ಲಿ ತುಂಬಿಕೊಂಡಿರುವ ಮಾಂಸಲ ಭಾಗವೇ ಮೀನಖಂಡ. ಇಲ್ಲಿ ಕಾಣಿಸಿಕೊಳ್ಳುವ ನೋವಿನ ಬಹುಪಾಲು ನಿರುಪದ್ರವಿ. ಹೆಚ್ಚು ನಡೆದದ್ದು, ಬೆಟ್ಟ ಹತ್ತಿದ್ದು, ದಿನವಿಡೀ ನಿಂತೇ ಇದ್ದದ್ದು, ರಾತ್ರಿ ಸ್ನಾಯು ಹಿಡಿದುಕೊಂಡದ್ದು ಇದಕ್ಕೆ ಕಾರಣವಾಗಿದ್ದರೆ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಇದೇ ಜಾಗದ ನೋವು ಕೆಲವೊಮ್ಮೆ ಶ್ವಾಸಕೋಶಕ್ಕೆ ಸಾಗಬಲ್ಲ ರಕ್ತದ ಹೆಪ್ಪಿನಿಂದ, ಕಟ್ಟಿಹೋದ ಅಪಧಮನಿಯಿಂದ, ಇಲಿಜ್ವರದಿಂದ ಅಥವಾ ಸೊಂಟದಲ್ಲಿ ಒತ್ತಿಹೋದ ನರದಿಂದ ಬಂದಿರುತ್ತದೆ. ನೋವು ಎಷ್ಟಿದೆ ಎಂಬುದನ್ನು ನೋಡಿ ಇವುಗಳನ್ನು ಬೇರೆ ಮಾಡಲಾಗದು. ಮಧ್ಯರಾತ್ರಿಯ ಸೆಳೆತ ಕಿರುಚಿಸಿಬಿಡುತ್ತದೆ, ಆದರೂ ಅಪಾಯವಿಲ್ಲ. ಜೀವಕ್ಕೆ ಎರವಾಗಬಲ್ಲ ಹೆಪ್ಪು ಕಾಲು ಸ್ವಲ್ಪ ಭಾರವಾಗಿದೆ ಎನ್ನುವಷ್ಟರಲ್ಲೇ ನಿಂತಿರಬಹುದು. ಹಾಗಾಗಿ ಗಮನಿಸಬೇಕಾದ ಸಂಗತಿಗಳು ಬೇರೆ: ನೋವು ಒಂದೇ ಕಾಲಿನಲ್ಲೋ ಎರಡರಲ್ಲೋ, ಊತ ಇದೆಯೋ, ನಡೆದಾಗ ಮಾತ್ರ ಬರುತ್ತದೋ ಕುಳಿತಾಗಲೂ ಇರುತ್ತದೋ, ಜ್ವರ ಜೊತೆಗಿದೆಯೋ, ಹಿಂದಿನ ಕೆಲವು ವಾರಗಳಲ್ಲಿ ಆ ವ್ಯಕ್ತಿಗೆ ಏನಾಗಿತ್ತು.

ನೋವಿನ ಜೊತೆ ಅಥವಾ ನೋವು ಬಂದ ಕೆಲವು ದಿನಗಳಲ್ಲಿ ಏಕಾಏಕಿ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ತಲೆ ಸುತ್ತಿ ಬಿದ್ದರೆ ಕಾಯುವ ಮಾತೇ ಇಲ್ಲ. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆ ಸೇರಬೇಕು. ಕಾಲು ತಣ್ಣಗಾಗಿ ಬಿಳಿಚಿಕೊಂಡು ಜೋಮು ಹಿಡಿದರೆ, ಪೆಟ್ಟಾದ ಅಥವಾ ಕಟ್ಟು ಹಾಕಿದ ಕಾಲಿನಲ್ಲಿ ನೋವು ಗಂಟೆಗಂಟೆಗೂ ಏರುತ್ತಿದ್ದರೆ ಆಗಲೂ ಹಾಗೆಯೇ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಜ್ವರವಿದ್ದರೆ, ಚರ್ಮ ಕೆಂಪಾಗಿ ಬಿಸಿಯಾಗಿದ್ದರೆ ಅದೇ ದಿನ ವೈದ್ಯರನ್ನು ಕಾಣುವುದು ಸರಿ. ಇವು ಯಾವುವೂ ಇಲ್ಲದ, ಆದರೆ ವಾರ ಕಳೆದರೂ ಬಿಡದ ಅಥವಾ ನಡೆದಾಗಲೆಲ್ಲ ಮರುಕಳಿಸುವ ನೋವನ್ನು ಬಿಡುವು ಮಾಡಿಕೊಂಡು ತೋರಿಸಿದರೆ ಸಾಕು.

ರಚನೆ

ಮೀನಖಂಡದ ಹೊರಪದರ ಗ್ಯಾಸ್ಟ್ರೋನೀಮಿಯಸ್ ಎಂಬ ಎರಡು ತಲೆಯ ಸ್ನಾಯು. ತೊಡೆಯ ಮೂಳೆಯ ಕೆಳತುದಿಯಿಂದ ಹೊರಟು ಮೊಣಕಾಲನ್ನೂ ಹರಡನ್ನೂ ದಾಟುವುದರಿಂದ ಓಟ, ನೆಗೆತಗಳಲ್ಲಿ ಮೊದಲು ಹರಿಯುವುದು ಇದೇ. ಅದರಡಿಯಲ್ಲಿ ಚಪ್ಪಟೆಯಾದ ಸೋಲಿಯಸ್ ಇದೆ. ಎರಡೂ ಕೆಳಗೆ ಸೇರಿ ಅಕಿಲೀಸ್ ಸ್ನಾಯುರಜ್ಜುವಾಗಿ ಹಿಮ್ಮಡಿಗೆ ಅಂಟುತ್ತವೆ. ಇವುಗಳ ನಡುವೆ ಮತ್ತು ಆಳದಲ್ಲಿ ಪಾದಕ್ಕೆ ರಕ್ತ ಒಯ್ಯುವ ಅಪಧಮನಿಗಳು, ರಕ್ತವನ್ನು ಮೇಲಕ್ಕೆ ತರುವ ಅಭಿಧಮನಿಗಳು, ಟಿಬಿಯಲ್ ನರ ಹಾದುಹೋಗುತ್ತವೆ. ಹಿಗ್ಗದ ತಂತುಪೊರೆಗಳು ಕಣಕಾಲನ್ನು ನಾಲ್ಕು ಕೋಣೆಗಳಾಗಿ ಬೇರ್ಪಡಿಸಿವೆ. ನಡೆಯುವಾಗ ಸೋಲಿಯಸ್ ಸಂಕುಚಿಸಿ ತನ್ನೊಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತದೆ. ಮೀನಖಂಡವನ್ನು ಎರಡನೆಯ ಹೃದಯ ಎನ್ನುವ ವಾಡಿಕೆ ಬಂದದ್ದು ಇದರಿಂದ. ಕಾಲು ಆಡದಿದ್ದರೆ ಈ ಪಂಪು ನಿಲ್ಲುತ್ತದೆ, ರಕ್ತ ಅಲ್ಲೇ ಮಡುಗಟ್ಟುತ್ತದೆ.

ಹೆಪ್ಪುಗಟ್ಟಿದ ರಕ್ತ

ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸ್ಥಿತಿಯನ್ನು ವೈದ್ಯರು ಡೀಪ್ ವೆಯ್ನ್ ಥ್ರಾಂಬೋಸಿಸ್, ಚಿಕ್ಕದಾಗಿ ಡಿವಿಟಿ ಎನ್ನುತ್ತಾರೆ. ಕಾಲಿನಿಂದ ಕಿತ್ತುಬಂದ ಹೆಪ್ಪು ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು 19ನೆಯ ಶತಮಾನದ ನಡುವಿನಲ್ಲಿ ತೋರಿಸಿಕೊಟ್ಟವರು ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ. ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟು, ರಕ್ತವೇ ಹೆಚ್ಚು ಹೆಪ್ಪುಗಟ್ಟುವ ಗುಣ ಪಡೆಯುವುದು ಎಂಬ ಮೂರು ಕಾರಣಗಳನ್ನು ಅವರ ಹೆಸರಿನಿಂದಲೇ ಇಂದಿಗೂ ಕಲಿಸುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆ, ಮುರಿದ ಕಾಲಿಗೆ ಪ್ಲಾಸ್ಟರ್, ದಿನಗಟ್ಟಲೆ ಹಾಸಿಗೆ, ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಹಿಂದೊಮ್ಮೆ ತನಗೋ ಮನೆಯವರಿಗೋ ಹೆಪ್ಪುಗಟ್ಟಿದ್ದು, ಇವೆಲ್ಲ ಈ ಮೂರರಲ್ಲಿ ಒಂದಲ್ಲ ಒಂದರ ಮೂಲಕ ಕೆಲಸ ಮಾಡುತ್ತವೆ.

ಬಸುರಿ ಮತ್ತು ಬಾಣಂತಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹೆರಿಗೆಯ ರಕ್ತಸ್ರಾವವನ್ನು ಎದುರಿಸಲು ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಏರುತ್ತದೆ. ಗರ್ಭಕೋಶ ಕಿಬ್ಬೊಟ್ಟೆಯ ಅಭಿಧಮನಿಗಳನ್ನು ಒತ್ತುತ್ತದೆ. ಹೆಪ್ಪು ಎಡಗಾಲಿನಲ್ಲೇ ಹೆಚ್ಚಾಗಿ ಕಾಣುವುದು ಆ ಬದಿಯ ಅಭಿಧಮನಿಯ ಮೇಲೆ ಬಲಗಡೆಯ ಅಪಧಮನಿ ಹಾದುಹೋಗುವುದರಿಂದ. ಅಪಾಯ ಅತಿ ಹೆಚ್ಚಾಗಿರುವುದು ಹೆರಿಗೆಯಾದ ಮೊದಲ ಆರು ವಾರಗಳಲ್ಲಿ, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಯನ್ನು ಮಂಚದಿಂದ ಇಳಿಯಲು ಬಿಡದೆ, ಕುಡಿಯುವ ನೀರನ್ನೂ ಅಳೆದು ಕೊಡುವ ಕಾಲ ಸರಿಯಾಗಿ ಇದೇ. ಬಾಣಂತನದ ಆರೈಕೆಯಲ್ಲಿ ಒಳ್ಳೆಯದು ಬೇಕಾದಷ್ಟಿದೆ, ಆದರೆ ಅಲುಗಾಡದೆ ಮಲಗಿಸುವುದು ಮತ್ತು ನೀರು ತಪ್ಪಿಸುವುದು ಅದರಲ್ಲಿ ಸೇರುವುದಿಲ್ಲ. ಹೆರಿಗೆಯ ನಂತರ ಎರಡೂ ಪಾದ ತುಸು ಊದುವುದು ಸಾಮಾನ್ಯ. ಒಂದೇ ಕಾಲು ದಪ್ಪಗಾಗಿ ನೋಯುತ್ತಿದ್ದರೆ ಅದನ್ನು ಶೀತ, ವಾಯು ಎಂದುಕೊಂಡು ಬಿಸಿ ಎಣ್ಣೆ ಹಚ್ಚಿ ನೀವುತ್ತ ಕೂರಬಾರದು. ಹೆಪ್ಪು ಇರುವ ಕಾಲನ್ನು ಬಲವಾಗಿ ತಿಕ್ಕಿದ ಮೇಲೆ ಅದು ಸಡಿಲಗೊಂಡು ಶ್ವಾಸಕೋಶಕ್ಕೆ ಹೋದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಇಂಥ ಪ್ರಕರಣ ಅಪರೂಪ, ಆದರೆ ತಿಕ್ಕುವುದರಿಂದ ಆಗುವ ಲಾಭವೂ ಏನಿಲ್ಲ.

ಕುಳಿತೇ ಇರುವುದರ ಅಪಾಯ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳಕಿಗೆ ಬಂತು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಆಶ್ರಯತಾಣಗಳಲ್ಲಿ ಕ್ಯಾನ್ವಾಸ್ ಕುರ್ಚಿಗಳ ಮೇಲೆ ರಾತ್ರಿ ಕಳೆದವರಲ್ಲಿ ಶ್ವಾಸಕೋಶದ ಹೆಪ್ಪಿನಿಂದ ಸಾವುಗಳಾದದ್ದನ್ನು ವಿಧಿವಿಜ್ಞಾನ ವೈದ್ಯ ಕೀತ್ ಸಿಂಪ್ಸನ್ ವರದಿ ಮಾಡಿದರು. ಕುರ್ಚಿಯ ಅಡ್ಡಪಟ್ಟಿ ತೊಡೆಯ ಹಿಂಬದಿಯನ್ನು ಒತ್ತುತ್ತಿತ್ತು. 1954ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಹೋಮನ್ಸ್ ವಿಮಾನ, ಕಾರುಗಳಲ್ಲಿ ಬಹಳ ಹೊತ್ತು ಕುಳಿತವರ ಬಗ್ಗೆ ಬರೆದರು. ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣ ಈ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಷ್ಟು. ವಿಮಾನದಲ್ಲಿ ಮಾತ್ರವಲ್ಲ, ಬಸ್ಸು ರೈಲು ಕಾರುಗಳಲ್ಲೂ ಇದೇ ಮಾತು. ಅಮೆರಿಕದ ಮಗನ ಮನೆಗೆ ಹೊರಟ ಅಜ್ಜಿಗೆ ಎಷ್ಟೋ, ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರುವವರಿಗೂ ಅಷ್ಟೇ. ಪ್ರಯಾಣದ ಹೆಪ್ಪು ಇಳಿದ ದಿನವೇ ನೋಯಬೇಕೆಂದೇನೂ ಇಲ್ಲ, ಕೆಲವು ವಾರ ಬಿಟ್ಟು ತೋರಬಹುದು.

ಪಾದವನ್ನು ಮೇಲಕ್ಕೆ ಬಾಗಿಸಿದಾಗ ಮೀನಖಂಡ ನೋಯುವುದು ಹೋಮನ್ಸ್ ಚಿಹ್ನೆಯೆಂದು ಪಠ್ಯಗಳಲ್ಲಿ ಬಹುಕಾಲ ನಿಂತಿತು. ಅದು ಸಾದಾ ಉಳುಕಿನಲ್ಲೂ ಬರುತ್ತದೆ, ಹೆಪ್ಪು ಇರುವ ಎಷ್ಟೋ ಜನರಲ್ಲಿ ಬರುವುದೇ ಇಲ್ಲ. ಇದನ್ನು ಮನೆಯಲ್ಲಿ ಮಾಡಿ ನೋಡಿ ಸಮಾಧಾನ ಪಟ್ಟುಕೊಳ್ಳುವುದು ಸಲ್ಲದು. ಬರೀ ಕೈಯಿಂದ ಮುಟ್ಟಿ ಡಿವಿಟಿ ಇದೆ ಅಥವಾ ಇಲ್ಲ ಎಂದು ಹೇಳಲು ಅನುಭವಿ ವೈದ್ಯರಿಗೂ ಆಗದು. ಅದಕ್ಕೇ ಕೆನಡಾದ ಫಿಲಿಪ್ ವೆಲ್ಸ್ 1990ರ ದಶಕದಲ್ಲಿ ಅಂಕಪಟ್ಟಿಯೊಂದನ್ನು ರೂಪಿಸಿದರು. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಟೇಪು ಹಿಡಿದು ಅಳೆದಾಗ ಒಂದು ಕಾಲು ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಹೆಚ್ಚು ದಪ್ಪವಿದ್ದರೆ ಒಂದು ಅಂಕ, ಕ್ಯಾನ್ಸರಿಗೆ ಒಂದು, ಇತ್ತೀಚೆಗೆ ಹಾಸಿಗೆ ಹಿಡಿದಿದ್ದರೆ ಒಂದು, ಹೀಗೆ. ನೋವಿಗೆ ಬೇರೆ ಕಾರಣವೇ ಹೆಚ್ಚು ಸಂಭವವೆನಿಸಿದರೆ ಎರಡು ಅಂಕ ಕಳೆಯಬೇಕು. ಅಂಕ ಕಡಿಮೆ ಬಂದವರಿಗೆ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಅದೂ ಕಡಿಮೆಯಿದ್ದರೆ ಹೆಪ್ಪು ಇಲ್ಲವೆಂದೇ ತಿಳಿಯಬಹುದು. ಡಿ-ಡೈಮರ್ ಹೆಚ್ಚಿದ್ದ ಮಾತ್ರಕ್ಕೆ ಹೆಪ್ಪು ಇದೆಯೆಂದಲ್ಲ, ಬಸುರು, ಸೋಂಕು, ಶಸ್ತ್ರಚಿಕಿತ್ಸೆ, ವಯಸ್ಸು ಎಲ್ಲವೂ ಅದನ್ನು ಏರಿಸುತ್ತವೆ. ಕೊನೆಯ ಮಾತು ಡಾಪ್ಲರ್ ಸ್ಕ್ಯಾನಿನದು. ಒತ್ತಿದರೆ ಚಪ್ಪಟೆಯಾಗಬೇಕಾದ ಅಭಿಧಮನಿ ಚಪ್ಪಟೆಯಾಗದಿದ್ದರೆ ಒಳಗೆ ಹೆಪ್ಪು ಇದೆ. ಮೀನಖಂಡದ ಸಣ್ಣ ನಾಳಗಳಲ್ಲಷ್ಟೇ ಇರುವ ಹೆಪ್ಪು ಮೊದಲ ಸ್ಕ್ಯಾನಿನಲ್ಲಿ ತಪ್ಪಿಸಿಕೊಳ್ಳಬಹುದಾದ್ದರಿಂದ ಕೆಲವರನ್ನು ಒಂದು ವಾರದ ಮೇಲೆ ಮತ್ತೆ ಕರೆಯುತ್ತಾರೆ. ಹಾಗೆ ಕರೆದಾಗ ಹೋಗಲೇಬೇಕು.

ಚಿಕಿತ್ಸೆ ಎಂದರೆ ಹೆಪ್ಪು ಬೆಳೆಯದಂತೆ ತಡೆಯುವ ಔಷಧ. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ಜೇ ಮೆಕ್ಲೀನ್ ಕಂಡ ವಸ್ತುವಿನಿಂದ ಹೆಪಾರಿನ್ ಕಥೆ ಶುರುವಾಗುತ್ತದೆ. ಮೊದಲು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದ ವಾರ್ಫರಿನ್ 1954ರಲ್ಲಿ ಮನುಷ್ಯರ ಔಷಧವಾಯಿತು. ಈಗ ಅಪಿಕ್ಸಾಬಾನ್, ರಿವರಾಕ್ಸಾಬಾನ್ ಮಾತ್ರೆಗಳು ಹೆಚ್ಚು ಬಳಕೆಯಲ್ಲಿವೆ. ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ನುಂಗಬೇಕು. ನೋವು ಹೋಯಿತೆಂದು ನಡುವೆ ನಿಲ್ಲಿಸುವುದೂ, ಇವುಗಳ ಜೊತೆ ಅಂಗಡಿಯಿಂದ ತಂದ ನೋವಿನ ಮಾತ್ರೆ ಸೇರಿಸಿ ರಕ್ತಸ್ರಾವ ತಂದುಕೊಳ್ಳುವುದೂ ಎರಡೂ ಆಗಬಾರದು.

ಡಿವಿಟಿಯ ವೇಷ ಹಾಕಿ ಬರುವ ಸ್ಥಿತಿಯೊಂದಿದೆ. ಸವೆದ ಮಂಡಿಯ ಹಿಂಬದಿಯಲ್ಲಿ ದ್ರವ ತುಂಬಿದ ಬೇಕರ್ ಗಂಟು ಒಡೆದರೆ ದ್ರವ ಮೀನಖಂಡಕ್ಕಿಳಿದು ಕಾಲು ಥಟ್ಟನೆ ಊದಿ ನೋಯುತ್ತದೆ. ಹರಡಿನ ಕೆಳಗೆ ಅರ್ಧಚಂದ್ರಾಕಾರದ ಕಂದು ಕಾಣಿಸಿದರೆ ಇದರ ಸುಳಿವು. ಆದರೂ ಡಾಪ್ಲರ್ ಆಗದೆ ಹೆಪ್ಪಲ್ಲ ಎನ್ನುವಂತಿಲ್ಲ.

ಹರಿದ ಸ್ನಾಯು, ಬಿಗಿದ ಕಟ್ಟು

ವಾರಕ್ಕೊಮ್ಮೆ ಬ್ಯಾಡ್ಮಿಂಟನ್ ಆಡುವ ನಲವತ್ತು ದಾಟಿದವರು, ಶಾಲೆಯ ವಾರ್ಷಿಕೋತ್ಸವದಲ್ಲಿ ಪೋಷಕರ ಓಟಕ್ಕೆ ನಿಂತವರು ಹೇಳುವುದು ಒಂದೇ: ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗಾಯಿತು, ತಿರುಗಿ ನೋಡಿದರೆ ಯಾರೂ ಇಲ್ಲ. ಗ್ಯಾಸ್ಟ್ರೋನೀಮಿಯಸಿನ ಒಳತಲೆ ಹರಿದದ್ದರ ಲಕ್ಷಣವಿದು. 1883ರಷ್ಟು ಹಿಂದೆಯೇ ವರದಿಯಾದ ಇದಕ್ಕೆ ಟೆನಿಸ್ ಲೆಗ್ ಎಂದು ಹೆಸರು. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಕಾಲನ್ನು ಎತ್ತರದಲ್ಲಿಡುವುದು, ಅಗತ್ಯಕ್ಕಷ್ಟೇ ನಡೆಯುವುದು ಸಾಕು. ಆ ದಿನಗಳಲ್ಲಿ ಬಿಸಿ ಶಾಖ, ಮಾಲೀಶು ಒಳಗಿನ ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಅದೇ ಏಟಿನ ಅನುಭವ ಇನ್ನೂ ಕೆಳಗೆ, ಹಿಮ್ಮಡಿಗೆ ಸಮೀಪ ಆಗಿ, ಒಂಟಿಕಾಲಿನ ತುದಿಬೆರಳ ಮೇಲೆ ನಿಲ್ಲಲಾಗದಿದ್ದರೆ ಅಕಿಲೀಸ್ ರಜ್ಜುವೇ ತುಂಡಾಗಿರಬಹುದು. ಕುಂಟುತ್ತ ನಡೆಯಲು ಆಗುವುದರಿಂದ ಅದನ್ನು ಉಳುಕೆಂದು ಬಿಟ್ಟುಬಿಡುವವರು ಬಹಳ. ವೈದ್ಯರು ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿ ನೋಡುತ್ತಾರೆ. ಪಾದ ಅಲುಗದಿದ್ದರೆ ರಜ್ಜು ತುಂಡಾಗಿದೆ. ಸಿಪ್ರೋಫ್ಲಾಕ್ಸಾಸಿನ್ ಗುಂಪಿನ ಆಂಟಿಬಯಾಟಿಕ್ ನುಂಗುವವರಲ್ಲಿ, ಅದರಲ್ಲೂ ಅರವತ್ತು ದಾಟಿದವರು ಮತ್ತು ಸ್ಟೀರಾಯ್ಡ್ ಬಳಸುವವರಲ್ಲಿ ಈ ರಜ್ಜು ದುರ್ಬಲವಾಗುತ್ತದೆಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲಿ ಎಚ್ಚರಿಕೆ ಹೊರಡಿಸಿದರು. ಆ ಮಾತ್ರೆಯ ಜೊತೆ ಹಿಮ್ಮಡಿಯ ಮೇಲ್ಭಾಗ ನೋಯತೊಡಗಿದರೆ ಮಾತ್ರೆ ಬರೆದುಕೊಟ್ಟವರಿಗೆ ತಿಳಿಸಬೇಕು.

ಇವೆಲ್ಲಕ್ಕಿಂತ ಅವಸರದ್ದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಮೂಳೆ ಮುರಿದು ಅಥವಾ ಭಾರ ಬಿದ್ದು ಜಜ್ಜಿದ ಕಾಲಿನಲ್ಲಿ ಊತ ಏರಿದಾಗ ಹಿಗ್ಗದ ಪೊರೆಯ ಕೋಣೆಯೊಳಗೆ ಒತ್ತಡ ಹೆಚ್ಚಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಗಾಯಕ್ಕೆ ಮೀರಿದ ನೋವು, ನೋವಿನ ಇಂಜೆಕ್ಷನ್ನಿಗೂ ಬಗ್ಗದ ನೋವು, ಕಾಲ್ಬೆರಳನ್ನು ಬೇರೆಯವರು ಮೆಲ್ಲಗೆ ಎಳೆದರೂ ಜೀವ ಹೋಗುವಂತಾಗುವುದು ಮೊದಲ ಲಕ್ಷಣಗಳು. ಪಾದದ ನಾಡಿ ಕೊನೆಯವರೆಗೂ ಸಿಗಬಹುದು, ಅದನ್ನು ನಂಬಿ ಕೂರುವಂತಿಲ್ಲ. ಸುಮಾರು ಆರು ಗಂಟೆಯೊಳಗೆ ಪೊರೆಯನ್ನು ಸೀಳಿ ಒತ್ತಡ ಇಳಿಸದಿದ್ದರೆ ಸ್ನಾಯು ಸಾಯುತ್ತದೆ. ಬಿಗಿ ಕಟ್ಟು ಅಂಗವನ್ನೇ ಕೊಲ್ಲಬಲ್ಲದು ಎಂಬುದು 1881ರಲ್ಲಿ ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ ಮುಂಗೈ ವಿಷಯದಲ್ಲಿ ಬರೆದಾಗಿನಿಂದ ಗೊತ್ತು. ಕಟ್ಟು ಆಸ್ಪತ್ರೆಯ ಪ್ಲಾಸ್ಟರ್ ಆಗಿರಲಿ, ಊರ ನಾಟಿ ವೈದ್ಯರ ಬಿದಿರುದಬ್ಬೆಯಾಗಿರಲಿ, ಪುತ್ತೂರು ಕಟ್ಟಾಗಿರಲಿ, ಕಾಲ್ಬೆರಳು ನೀಲಿಯಾಗಿ ಜೋಮು ಹಿಡಿದು ನೋವು ಏರುತ್ತಿದ್ದರೆ ರಾತ್ರಿಯಾದರೂ ಅದನ್ನು ಬಿಚ್ಚಿಸಬೇಕು. ನೋವಿದ್ದರೆ ಮೂಳೆ ಕೂಡುತ್ತಿದೆ ಎಂಬ ನಂಬಿಕೆಯಿಂದ ಬೆಳಗಿನವರೆಗೆ ತಡೆದುಕೊಂಡವರು ಕಾಲು ಕಳೆದುಕೊಂಡಿದ್ದಾರೆ.

ನಡೆದರೆ ನೋವು, ನಿಂತರೆ ಇಲ್ಲ

ಬಸ್ ನಿಲ್ದಾಣದವರೆಗೆ ನಡೆಯುವಷ್ಟರಲ್ಲಿ ಮೀನಖಂಡ ಹಿಂಡಿದಂತಾಗುತ್ತದೆ. ಎರಡು ಮೂರು ನಿಮಿಷ ನಿಂತರೆ ಮಾಯ. ಮತ್ತೆ ಅಷ್ಟೇ ದೂರಕ್ಕೆ ಅದೇ ನೋವು. ಅಪಧಮನಿ ಕಿರಿದಾಗಿ ದುಡಿಯುವ ಸ್ನಾಯುವಿಗೆ ರಕ್ತ ಸಾಲದಿರುವುದರ ಗುರುತಿದು. ಫ್ರಾನ್ಸಿನ ಪಶುವೈದ್ಯ ಬೂಲೆ 1831ರಲ್ಲಿ ಇದನ್ನು ಮೊದಲು ಕಂಡದ್ದು ಕುದುರೆಯಲ್ಲಿ. ಮನುಷ್ಯರಲ್ಲಿ ವಿವರಿಸಿದವರು ಶಾರ್ಕೋ, 1858ರಲ್ಲಿ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಇದರ ಮೂಲ. ಈ ನೋವನ್ನು ವಯಸ್ಸಾಯಿತಲ್ಲ ಎಂದು ತಳ್ಳಿಹಾಕುವುದು ದೊಡ್ಡ ನಷ್ಟ, ಏಕೆಂದರೆ ಕಾಲಿನ ಅಪಧಮನಿ ಕಿರಿದಾದವರಲ್ಲಿ ಹೃದಯದ ಮತ್ತು ಮೆದುಳಿನ ಅಪಧಮನಿಗಳೂ ಹಾಗೆಯೇ ಇರುವುದು ಸಾಮಾನ್ಯ. ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರೋಗವಿದೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನಾಳ ಗಡುಸಾಗಿ ಈ ಅಂಕಿ ಸುಳ್ಳಾಗಿ ಹೆಚ್ಚು ತೋರುತ್ತದೆ. ದಿನವೂ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದೇ ಇದಕ್ಕೆ ಒಳ್ಳೆಯ ಔಷಧಗಳಲ್ಲೊಂದು, ತಂಬಾಕು ಬಿಟ್ಟಿದ್ದರೆ. ಮಲಗಿದಾಗಲೂ ಪಾದ ನೋಯುತ್ತ, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಹಾಯೆನಿಸುವ ಹಂತ ತಲುಪಿದ್ದರೆ, ಬೆರಳಿನ ಹುಣ್ಣು ಮಾಯದಿದ್ದರೆ ರಕ್ತನಾಳ ತಜ್ಞರನ್ನು ತಡಮಾಡದೆ ಕಾಣಬೇಕು. ನಲವತ್ತೈದರೊಳಗಿನ ಬೀಡಿ ಸೇದುವ ಗಂಡಸರಲ್ಲಿ ಇದೇ ನೋವು ಬಂದರೆ ಬರ್ಗರ್ ಕಾಯಿಲೆಯನ್ನು ನೆನೆಯಬೇಕು. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ ಈ ಕಾಯಿಲೆ ತಂಬಾಕನ್ನು ಪೂರ್ತಿ ಬಿಟ್ಟರಷ್ಟೇ ನಿಲ್ಲುತ್ತದೆ. ದಿನಕ್ಕೊಂದು ಬೀಡಿಯೂ ಕೂಡದು.

ಸೊಂಟದ ಬಳಿ ಬೆನ್ನುಹುರಿಯ ಕಾಲುವೆ ಕಿರಿದಾದವರಿಗೂ ನಡೆದಾಗ ಕಾಲು ನೋಯುತ್ತದೆ. ಆದರೆ ಅವರಿಗೆ ನಿಂತರೆ ಸಾಲದು, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಸೈಕಲ್ ತುಳಿದರೆ ತೊಂದರೆಯಿಲ್ಲ. ಮಲಮೂತ್ರದ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ ಅದು ತುರ್ತು.

ಜ್ವರದ ಜೊತೆ

ಮಳೆಗಾಲದ ಕರಾವಳಿ, ಮಲೆನಾಡುಗಳಲ್ಲಿ ಜ್ವರ ಬಂದವರ ಮೀನಖಂಡವನ್ನು ಒತ್ತಿ ನೋಡುವುದು ವೈದ್ಯರ ಹಳೆಯ ಅಭ್ಯಾಸ. ಮುಟ್ಟಿದರೆ ಕಾಲೆಳೆದುಕೊಳ್ಳುವಷ್ಟು ನೋವು, ಕೀವಿಲ್ಲದೆ ಕೆಂಪಾದ ಕಣ್ಣು, ತಲೆನೋವು ಸೇರಿದರೆ ಇಲಿಜ್ವರದ ಅನುಮಾನ ಬರುತ್ತದೆ. ಲೆಪ್ಟೋಸ್ಪೈರಾ ಎಂಬ ಸುರುಳಿ ಬ್ಯಾಕ್ಟೀರಿಯಾ ಇಲಿ, ದನ, ನಾಯಿ, ಹಂದಿಗಳ ಮೂತ್ರದಿಂದ ನೀರಿಗೆ ಸೇರಿ, ಕೆಸರಿನಲ್ಲಿ ನೆನೆದು ಬಿರಿದ ಚರ್ಮದ ಮೂಲಕ ಒಳಹೋಗುತ್ತದೆ. ನಾಟಿ ಗದ್ದೆಯಲ್ಲಿ ನಿಂತವರು, ತೋಟದ ಕಾಲುವೆ ಬಿಡಿಸಿದವರು, ಕೊಟ್ಟಿಗೆ ತೊಳೆದವರು, ಚರಂಡಿ ಕೆಲಸದ ಪೌರಕಾರ್ಮಿಕರು, ನೆರೆನೀರಿನಲ್ಲಿ ನಡೆದವರು ಇದಕ್ಕೆ ತುತ್ತಾಗುತ್ತಾರೆ. ನೀರಿಗಿಳಿದ ಸುಮಾರು ಒಂದರಿಂದ ಎರಡು ವಾರಕ್ಕೆ ಜ್ವರ ಶುರು. ಕಾಮಾಲೆ ಮತ್ತು ಮೂತ್ರಪಿಂಡದ ವೈಫಲ್ಯ ತರುವ ಇದರ ಉಗ್ರರೂಪವನ್ನು ಅಡಾಲ್ಫ್ ವೈಲ್ 1886ರಲ್ಲಿ ವಿವರಿಸಿದರು; ರೋಗಾಣು ಪತ್ತೆಯಾದದ್ದು 1915ರಲ್ಲಿ ಜಪಾನಿನಲ್ಲಿ. ಮೊದಲ ದಿನಗಳಲ್ಲಿ ಡಾಕ್ಸಿಸೈಕ್ಲಿನ್‌ನಂಥ ಸುಲಭ ಮಾತ್ರೆಗೆ ಬಗ್ಗುವ ಕಾಯಿಲೆ, ತಡವಾದರೆ ಡಯಾಲಿಸಿಸ್ಸಿಗೆ, ಶ್ವಾಸಕೋಶದ ರಕ್ತಸ್ರಾವಕ್ಕೆ ಒಯ್ಯುತ್ತದೆ. ಪ್ರತಿಕಾಯ ಪರೀಕ್ಷೆ ಮೊದಲ ಐದಾರು ದಿನ ನೆಗೆಟಿವ್ ಬರುವುದು ಸಹಜ, ಹಾಗಾಗಿ ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಔಷಧ ಶುರುಮಾಡುತ್ತಾರೆ. ರೋಗಿಯಿಂದ ಆಗಬೇಕಾದದ್ದು ಒಂದು: ಕೆಸರಿಗಿಳಿದದ್ದನ್ನು ಕೇಳದಿದ್ದರೂ ಹೇಳುವುದು.

ಚರ್ಮ ಕೆಂಪಾಗಿ, ಬಿಸಿಯಾಗಿ, ಆ ಕೆಂಪು ಹರಡುತ್ತ ಚಳಿಜ್ವರ ಬಂದರೆ ಅದು ಸೆಲ್ಯುಲೈಟಿಸ್. ಕಾಲ್ಬೆರಳ ಸಂದಿನ ಕೆಸರುಹುಣ್ಣು ಇದರ ಬಾಗಿಲು. ಆನೆಕಾಲು ರೋಗವಿರುವವರಲ್ಲಿ ಇದು ಮರುಕಳಿಸುತ್ತದೆ, ಪ್ರತಿ ಸಲವೂ ಕಾಲು ಇನ್ನಷ್ಟು ದಪ್ಪವಾಗುತ್ತದೆ. ದಿನವೂ ಸೋಪಿನಿಂದ ತೊಳೆದು ಸಂದುಗಳನ್ನು ಒಣಗಿಸಿಕೊಳ್ಳುವುದು ಅವರಿಗೆ ಅರ್ಧ ಚಿಕಿತ್ಸೆ.

ಸೆಳೆತ

ರಾತ್ರಿ ಮೀನಖಂಡ ಗಟ್ಟಿಯಾಗಿ ಉಂಡೆಗಟ್ಟುವ ಸೆಳೆತ ವಯಸ್ಸಾದವರಲ್ಲೂ ಬಸುರಿಯರಲ್ಲೂ ತೀರ ಸಾಮಾನ್ಯ. ಮಂಡಿ ನೇರ ಮಾಡಿ ಕಾಲ್ಬೆರಳನ್ನು ತನ್ನ ಕಡೆಗೆ ಎಳೆದುಕೊಂಡರೆ ಬಿಡುತ್ತದೆ. ಬಾಳೆಹಣ್ಣು ತಿಂದರೆ ಹೋಗುತ್ತದೆಂಬ ಮಾತಿಗೆ ಬಲವಾದ ಆಧಾರವಿಲ್ಲ, ತಿನ್ನಲು ಅಡ್ಡಿಯೂ ಇಲ್ಲ. ಹಿಂದೆ ಕೊಡುತ್ತಿದ್ದ ಕ್ವಿನೈನ್ ರಕ್ತಕಣಗಳ ಮತ್ತು ಹೃದಯದ ಲಯದ ತೊಂದರೆ ತರುವುದರಿಂದ ಈಗ ಈ ಕಾರಣಕ್ಕೆ ಸಲ್ಲದು. ಸೆಳೆತ ಹೊಸದಾಗಿ, ಪದೇ ಪದೇ ಬರುತ್ತಿದ್ದರೆ ಮೂತ್ರ ಹೆಚ್ಚಿಸುವ ಮಾತ್ರೆ, ಥೈರಾಯ್ಡ್, ಯಕೃತ್ತು, ಮೂತ್ರಪಿಂಡಗಳ ಕಡೆ ನೋಡಬೇಕಾಗುತ್ತದೆ. ಕೊಲೆಸ್ಟರಾಲಿನ ಸ್ಟ್ಯಾಟಿನ್ ಮಾತ್ರೆ ಶುರುಮಾಡಿದ ಮೇಲೆ ಎರಡೂ ಕಾಲು ನೋಯುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಜೊತೆಗೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿದೆ ಎಂದರ್ಥ, ಅಂದೇ ಆಸ್ಪತ್ರೆಗೆ ಹೋಗಬೇಕು.

ಮಕ್ಕಳಲ್ಲಿ

ಸಂಜೆ, ರಾತ್ರಿ ಎರಡೂ ಕಾಲು ನೋಯುತ್ತದೆಂದು ಅಳುವ ಮಗು ಬೆಳಗ್ಗೆ ಎದ್ದು ಓಡಾಡುತ್ತಿದ್ದರೆ ಚಿಂತೆಯಿಲ್ಲ. ಅಂಥ ಕಾಲನ್ನು ನೀವಿ ಮಲಗಿಸಬಹುದು. ಒಂದೇ ಕಾಲಿನ ನೋವು, ಕುಂಟು, ಜ್ವರ, ತೂಕ ಇಳಿಯುವುದು ಇದ್ದರೆ ಮೂಳೆಯ ಸೋಂಕು, ಗಡ್ಡೆ, ರಕ್ತದ ಕ್ಯಾನ್ಸರ್‌ಗಳನ್ನು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಫ್ಲೂ ಇಳಿಯುತ್ತಿರುವ ಹೊತ್ತಿನಲ್ಲಿ ಶಾಲೆಯ ವಯಸ್ಸಿನ ಮಗು ಒಂದು ಬೆಳಗ್ಗೆ ಎರಡೂ ಮೀನಖಂಡ ನೋಯುತ್ತಿದೆಯೆಂದು ನೆಲಕ್ಕೆ ಕಾಲೂರಲು ಒಪ್ಪದಿರುವುದುಂಟು. ಸ್ವೀಡನ್ನಿನಲ್ಲಿ 1957ರಲ್ಲಿ ಮೊದಲು ವಿವರಿಸಲಾದ ಈ ಸ್ನಾಯು ಉರಿಯೂತ ವಾರದೊಳಗೆ ತಾನೇ ಹೋಗುತ್ತದೆ. ಆದರೆ ಮಗು ನೋವಿಗೆ ನಡೆಯುತ್ತಿಲ್ಲವೋ, ಕಾಲಿನಲ್ಲಿ ಬಲವೇ ಇಲ್ಲವೋ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ಬಲ ಕುಂದುತ್ತ ಮೇಲಕ್ಕೇರುವ ಗಿಯಾನ್ ಬಾರೆ ಕಾಯಿಲೆಯೂ ಕಾಲುನೋವಿನಿಂದಲೇ ಶುರುವಾಗಬಹುದು, ಮತ್ತು 15 ವರ್ಷದೊಳಗಿನ ಮಗುವಿನ ಕಾಲು ಹಠಾತ್ತನೆ ಸೋತರೆ ಪೋಲಿಯೊ ಕಣ್ಗಾವಲಿನ ನಿಯಮದಂತೆ ಅದನ್ನು ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು. ನಾಲ್ಕೈದು ವರ್ಷದ ಗಂಡುಮಗುವಿನ ಮೀನಖಂಡ ಪೈಲ್ವಾನನಂತೆ ದಪ್ಪಗಿದ್ದು, ಅವನು ಪದೇ ಪದೇ ಬೀಳುತ್ತ, ನೆಲದಿಂದ ಏಳುವಾಗ ತೊಡೆಗೆ ಕೈಯೂರಿ ಮೇಲೇರುತ್ತಿದ್ದರೆ ಅದು ಡುಷೆನ್ ಸ್ನಾಯುಕ್ಷಯದ ಸೂಚನೆ. ಆ ದಪ್ಪ ಸ್ನಾಯುವಿನದಲ್ಲ, ಸ್ನಾಯುವಿನ ಜಾಗದಲ್ಲಿ ತುಂಬಿಕೊಂಡ ಕೊಬ್ಬು ಮತ್ತು ನಾರಿನದು. ಸಿಕೆ ಎಂಬ ರಕ್ತಪರೀಕ್ಷೆಯೊಂದು ಸಾವಿರಗಳ ಲೆಕ್ಕದಲ್ಲಿ ಬಂದರೆ ಮುಂದಿನ ಹೆಜ್ಜೆ ವಂಶವಾಹಿ ಪರೀಕ್ಷೆ. ತಾಯಿ ಮತ್ತೆ ಬಸುರಿಯಾಗುವ ಮೊದಲು ಅದರ ಫಲಿತಾಂಶ ಕೈಗೆ ಬಂದಿರಬೇಕು.